ಭತ್ತದ ಕಾಳಿನ ಸಂಖ್ಯೆಯನ್ನು ಬಿಡಿಸಿ ನೋಡೋಣ

ಬೋರ್ಡಿನ ಮೇಲೆ ಬರೆದಿರುವ ಸಂಖ್ಯೆಯನ್ನು ಒಂದು ಸಲ ನೋಡಿಬಿಡಿ: 18446744073709551615. ಇಪ್ಪತ್ತು ಅಂಕಿ ಇದೆ. ಓದಲು ಹೋಗಬೇಡಿ, ಸುಮ್ನೆ ನೋಡಿ ಸಾಕು. ಇವತ್ತಿನ ಮಾತೆಲ್ಲ ಇದೊಂದರ ಬಗ್ಗೆಯೇ.

ಇದರ ಕತೆ ನಿಮಗೆಲ್ಲ ಗೊತ್ತು. ಚದುರಂಗ ಕಂಡುಹಿಡಿದ ಸಿಸ್ಸಾ ಎಂಬವನಿಗೆ ರಾಜ "ಏನು ಬೇಕೋ ಕೇಳು" ಅನ್ನುತ್ತಾನೆ. ಅವನು ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿ ಮಾಡುತ್ತಾ 64 ಮನೆಗೂ ಕೊಡಿ ಅನ್ನುತ್ತಾನೆ. ರಾಜ ಮೊದಲು ನಗುತ್ತಾನೆ, ಆಮೇಲೆ ಕಣಜ ಖಾಲಿಯಾಗುತ್ತದೆ. ಇಬ್ನ್ ಖಲ್ಲಿಕಾನ್ ಎಂಬ ಲೇಖಕ 13ನೇ ಶತಮಾನದಲ್ಲಿ ಈ ಕತೆಯನ್ನು ಬರೆದಿಟ್ಟಿದ್ದಾನೆ. ಅವನಿಗಿಂತ ಇನ್ನೂರು ವರ್ಷ ಮುಂಚೆಯೇ ಅಲ್ ಬಿರೂನಿ ಈ ಮೊತ್ತದ ಲೆಕ್ಕ ಹಾಕಿದ್ದ. ಅವರ ಕತೆಯಲ್ಲಿ ಗೋಧಿ. ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಅಕ್ಕಿಯೋ ಭತ್ತವೋ ಆಗಿರುತ್ತದೆ.

ಕತೆ ಹೇಳುವವರೆಲ್ಲ ಕೊನೆಗೆ ಒಂದೇ ಮಾತು ಹೇಳುತ್ತಾರೆ: ಅಬ್ಬಾ, ಎಷ್ಟು ದೊಡ್ಡದು! ಅಲ್ಲಿಗೆ ಮುಗಿಯಿತು. ನನಗೆ ಬೇಜಾರಾಗುವುದು ಅಲ್ಲೇ. ದೊಡ್ಡದು ಅನ್ನುವುದು ಈ ಸಂಖ್ಯೆಯ ಬಗ್ಗೆ ಹೇಳಬಹುದಾದ ಅತಿ ಸಪ್ಪೆ ಮಾತು. ಹಲಸಿನ ಹಣ್ಣನ್ನು ತೂಕ ಹಾಕಿ, "ಹದಿನೆಂಟು ಕಿಲೋ ಇದೆ" ಅಂತ ಹೇಳಿ, ಹಾಗೇ ವಾಪಸ್ ಇಟ್ಟ ಹಾಗಾಯಿತು. ಕೊಯ್ದು ನೋಡಬೇಡವೇ?

ನಾನು ಈ ಸಂಖ್ಯೆಯ ಸಹವಾಸ ಮಾಡಿದ್ದು ಆರನೇ ಕ್ಲಾಸಿನಲ್ಲಿ. ಬೇಸಿಗೆ ರಜ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಎಂಟು ಎಂಟು ಮನೆ ಬರೆದು, ಮೊರದಲ್ಲಿ ಭತ್ತ ತಂದು ಎಣಿಸಲು ಕೂತೆ. ಎಂಟನೇ ಮನೆಯವರೆಗೆ ಏನೂ ಕಷ್ಟವಿಲ್ಲ, 128 ಕಾಳು. ಹನ್ನೊಂದನೇ ಮನೆಗೆ 1024. ಮಧ್ಯದಲ್ಲಿ ಲೆಕ್ಕ ತಪ್ಪಿತು, ಮತ್ತೆ ಶುರು ಮಾಡಿದೆ, ಮತ್ತೆ ತಪ್ಪಿತು. ಅಳು ಬರುವ ಹಾಗಾಗಿತ್ತು. ಅಜ್ಜಿ ಅಡುಗೆಮನೆ ಬಾಗಿಲಿನಿಂದ ನೋಡುತ್ತಾ ಇದ್ದವರು ಹೇಳಿದರು: "ಎಣಿಸೋದು ಯಾಕೋ? ಇಲ್ಲೀತನಕ ಹಾಕಿದ್ದನ್ನೆಲ್ಲ ಬಟ್ಟಲಲ್ಲಿ ಅಳಿ. ಅಷ್ಟೇ ಇನ್ನೊಂದು ಸಲ ಹಾಕು. ಮೇಲೊಂದು ಕಾಳು ಬಿಡು."

ಅಜ್ಜಿ ಶಾಲೆಗೆ ಹೋದವರಲ್ಲ. ಆದರೆ ಅವರು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಹೊಸ ಮನೆ ಅಂದರೆ ಹಿಂದಿನ ಎಲ್ಲ ಮನೆಗಳ ಒಟ್ಟು, ಮೇಲೊಂದು ಕಾಳು. 1, 2, 4 ಕೂಡಿದರೆ 7, ಮುಂದಿನ ಮನೆ 8. ಇನ್ನೊಂದು ಹೆಜ್ಜೆ ಹೋದರೆ ಒಟ್ಟು 15, ಮುಂದಿನ ಮನೆ 16. ಹಾಗಾಗಿ 64 ಮನೆಗಳ ಒಟ್ಟು ಬೇಕಾದರೆ 64 ಸಂಖ್ಯೆ ಕೂಡುವುದೇ ಬೇಡ. ಮಣೆಯ ಆಚೆ ಇಲ್ಲದಿರುವ 65ನೇ ಮನೆಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಒಂದು ಕಳೆದರೆ ಆಯಿತು. ಅದೇ 2⁶⁴ − 1.

ಆ 2⁶⁴ ಲೆಕ್ಕ ಹಾಕಲು 64 ಸಲ ಎರಡರಿಂದ ಗುಣಿಸಬೇಕಾ ಅಂದರೆ ಅದೂ ಬೇಡ. ಎರಡನ್ನು ಎರಡರಿಂದ ಗುಣಿಸಿ, 4. ನಾಲ್ಕನ್ನು ಅದರಿಂದಲೇ ಗುಣಿಸಿ, 16. ಹಾಗೇ 256. ಆಮೇಲೆ 65536. ಆಮೇಲೆ 4294967296. ಇನ್ನೊಂದೇ ಒಂದು ಸಲ ಗುಣಿಸಿದರೆ ಬಂತು 18446744073709551616. ಒಟ್ಟು ಆರೇ ಗುಣಾಕಾರ, ಯಾಕೆಂದರೆ 64ನ್ನು ಆರು ಸಲ ಅರ್ಧ ಮಾಡಿದರೆ 1 ಬರುತ್ತದೆ. ಅರ್ಧ ಮಾಡುತ್ತಾ ಹೋಗುವ ಈ ಉಪಾಯ ನಮ್ಮಲ್ಲಿ ಬಹಳ ಹಳೆಯದು, ಪಿಂಗಳನ ಛಂದಃಸೂತ್ರದಲ್ಲೇ ಇದೆ. ಲಘು ಗುರುಗಳನ್ನು ಎಷ್ಟು ರೀತಿ ಜೋಡಿಸಬಹುದು ಅನ್ನುವುದು ಅಲ್ಲಿನ ಪ್ರಶ್ನೆ. ಪದ್ಯ ಬರೆಯುವವರಿಗೂ ಎರಡರ ಘಾತ ಬೇಕಾಗಿತ್ತು!

ಇನ್ನು ಇದನ್ನು ಓದುವುದು ಹೇಗೆ? ಕೋಟಿಯಲ್ಲೇ ಹೇಳುವುದಾದರೆ ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ಅದರ ಮೇಲೆ 44,07,370 ಕೋಟಿ, ಅದರ ಮೇಲೆ 95,51,615. ಉಸಿರು ಕಟ್ಟುತ್ತದೆ ಅಲ್ವಾ? ಆದರೆ ಹನ್ನೊಂದು ಶತಮಾನದ ಹಿಂದೆ ನಮ್ಮ ನಾಡಿನಲ್ಲೇ ಇದನ್ನು ಸಲೀಸಾಗಿ ಓದುತ್ತಿದ್ದರು. ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಆರಂಭದಲ್ಲಿ ಆ ರಾಜನನ್ನು ಹೊಗಳಿ, ಆಮೇಲೆ ಸ್ಥಾನಗಳ ಹೆಸರು ಕೊಡುತ್ತಾನೆ. ಏಕ, ದಶ, ಶತದಿಂದ ಶುರುವಾಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನ. ಅವನ ಪಟ್ಟಿಯಲ್ಲಿ ಇಪ್ಪತ್ತನೆಯದು ಮಹಾಶಂಖ. ಅಂದರೆ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ... ಹೀಗೆ ಇಳಿಯುತ್ತಾ ಬರುತ್ತದೆ. ಇಷ್ಟು ಓದಿದ ಮೇಲೂ ಅವನ ಪಟ್ಟಿಯಲ್ಲಿ ನಾಲ್ಕು ಸ್ಥಾನ ಮಿಕ್ಕಿರುತ್ತದೆ.

ಮಹಾವೀರಾಚಾರ್ಯನ ವಿಷಯ ಬಂದಿದ್ದಕ್ಕೆ ಒಂದು ಮಾತು. ಅವನಿಗೂ ಸಂಖ್ಯೆಯ ಗಾತ್ರಕ್ಕಿಂತ ಅದರ ಮೈಕಟ್ಟು ಇಷ್ಟ. 152207ನ್ನು 73ರಿಂದ ಗುಣಿಸು ಅನ್ನುತ್ತಾನೆ. ಮಾಡಿ ನೋಡಿ, 11111111 ಬರುತ್ತದೆ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಥರ ಇರುವ ಇಂಥ ಉತ್ತರಗಳನ್ನು ಅವನು ಹಾರಕ್ಕೆ ಹೋಲಿಸುತ್ತಾನೆ. ಮನೆಗೆ ಹೋಗಿ 27994681ನ್ನು 441ರಿಂದ ಗುಣಿಸಿ. ಉತ್ತರ ನಾನು ಹೇಳುವುದಿಲ್ಲ.

ಸರಿ, ಈಗ ಕೊಯ್ಯೋಣ. ಚದುರಂಗದ ಮಣೆಯನ್ನೇ ಚಾಕು ಮಾಡಿಕೊಳ್ಳೋಣ.

ಭತ್ತದ ಸಾವಿರ ಕಾಳಿಗೆ ಸುಮಾರು 25 ಗ್ರಾಂ ಅಂತ ಇಟ್ಟುಕೊಳ್ಳಿ. ಮೊದಲ ಸಾಲಿನ ಎಂಟು ಮನೆಯಲ್ಲಿ 255 ಕಾಳು, ಆರು ಗ್ರಾಂ ಚಿಲ್ಲರೆ. ಒಂದು ಚಿಟಿಕೆ. ಎರಡು ಸಾಲು ಸೇರಿದರೆ 65535 ಕಾಳು, ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ. ಅರ್ಧ ಮಣೆ, ಅಂದರೆ ನಾಲ್ಕು ಸಾಲು ತುಂಬಿದಾಗ 4294967295 ಕಾಳು, ಸುಮಾರು 107 ಟನ್. ಹತ್ತು ಹನ್ನೊಂದು ಲಾರಿ ಲೋಡು. ಇದನ್ನು ರಾಜ ಬಿಡಿ, ನಮ್ಮೂರಿನ ರೈಸ್‌ಮಿಲ್ಲಿನವರೂ ಕೊಟ್ಟಾರು. ಪೂರ್ತಿ ಮಣೆ? ಸುಮಾರು 46,000 ಕೋಟಿ ಟನ್. ಇಡೀ ಪ್ರಪಂಚದಲ್ಲಿ ಈಗ ವರ್ಷಕ್ಕೆ ಹೆಚ್ಚು ಕಡಿಮೆ 80 ಕೋಟಿ ಟನ್ ಭತ್ತ ಬೆಳೆಯುತ್ತಾರೆ. ಐನೂರ ಎಪ್ಪತ್ತು ವರ್ಷ ಯಾರೂ ಅನ್ನ ಉಣ್ಣದೆ ಕೂಡಿಟ್ಟರೂ ಸಾಲುವುದಿಲ್ಲ. ರಾಗಿಯಲ್ಲಿ ಕೊಡುತ್ತೇನೆ ಅಂದರೆ ತೂಕ ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ, ಆದರೂ ರಾಜನ ಪಾಡು ಪಾಡೇ.

ಅರ್ಧ ಮಣೆಗೆ ಹತ್ತು ಲಾರಿ, ಪೂರ್ತಿ ಮಣೆಗೆ ಪ್ರಪಂಚವೇ ಸಾಲದು. ಮಧ್ಯದಲ್ಲಿ ಏನಾಯಿತು? ಇಲ್ಲೇ ಇರುವುದು ಕೀಲಿ. ಮಣೆಯ ಕೆಳಗಿನ ಅರ್ಧ, ಮೇಲಿನ ಅರ್ಧ ಬೇರೆ ಬೇರೆ ನೋಡಿ. ಮೇಲಿನ ಅರ್ಧದ ಪ್ರತಿ ಮನೆಯೂ ಅದಕ್ಕಿಂತ 32 ಮನೆ ಹಿಂದಿರುವುದರ 4294967296 ಪಟ್ಟು. ಅಂದಮೇಲೆ ಮೇಲಿನ ರಾಶಿ ಕೆಳಗಿನ ರಾಶಿಯ ಅಷ್ಟೇ ಪಟ್ಟು. ಎರಡನ್ನೂ ಸೇರಿಸಿದರೆ ಕೆಳಗಿನ ರಾಶಿಯ 4294967297 ಪಟ್ಟು. ಹತ್ತನೇ ಕ್ಲಾಸಿನವರಿಗೆ ಇದು ಗೊತ್ತಿರುವ ಸೂತ್ರವೇ. ಎ² − ಬಿ² ಅಂದರೆ (ಎ + ಬಿ)(ಎ − ಬಿ). ಪರೀಕ್ಷೆಗೆ ಉರು ಹೊಡೆದಿರುತ್ತೀರಿ. ಅದು ಭತ್ತದ ರಾಶಿಯಲ್ಲಿ ಹೀಗೆ ಕಾಣುತ್ತದೆ.

ಈಗ ಆ ಅರ್ಧ ಮಣೆಯನ್ನು ಮತ್ತೆ ಅರ್ಧ ಮಾಡಿ. ನಾಲ್ಕು ಸಾಲಿನ ರಾಶಿ ಎರಡು ಸಾಲಿನ ರಾಶಿಯ 65537 ಪಟ್ಟು. ಎರಡು ಸಾಲಿನದು ಒಂದು ಸಾಲಿನ 257 ಪಟ್ಟು. ಒಂದು ಸಾಲು, ಅದರ ಮೊದಲ ನಾಲ್ಕು ಮನೆಯ 17 ಪಟ್ಟು: 15 ಹದಿನೇಳಲಿ 255. ನಾಲ್ಕು ಮನೆ, ಎರಡು ಮನೆಯ 5 ಪಟ್ಟು. ಎರಡು ಮನೆ, ಮೊದಲ ಮನೆಯ 3 ಪಟ್ಟು. ಮೊದಲ ಮನೆಯಲ್ಲಿ ಒಂದೇ ಕಾಳು. ಕೊಯ್ಯುವುದು ಮುಗಿಯಿತು. ಇಪ್ಪತ್ತು ಅಂಕಿಯ ರಾಕ್ಷಸ ಬೋರ್ಡಿನ ಮೇಲೆ ಹೀಗೆ ಬಿಚ್ಚಿಕೊಂಡ:

3 × 5 × 17 × 257 × 65537 × 4294967297

ಕ್ಯಾಲ್ಕುಲೇಟರ್ ಮುಟ್ಟಲಿಲ್ಲ, ಭಾಗಾಕಾರ ಮಾಡಲಿಲ್ಲ. ಮಣೆಯನ್ನು ಆರು ಸಲ ಮಡಿಸಿದೆವು, ಅಷ್ಟೇ.

ಬೇಕಾದರೆ ಸಣ್ಣದಾಗಿ ತಾಳೆ ನೋಡಿ. ಕೊನೆಯ ಅಂಕಿ 5, ಹಾಗಾಗಿ ಐದರಿಂದ ಭಾಗ ಹೋಗುತ್ತದೆ. ಎಲ್ಲ ಅಂಕಿ ಕೂಡಿದರೆ 87, ಮೂರರಿಂದ ಹೋಗುತ್ತದೆ, ಒಂಬತ್ತರಿಂದ ಹೋಗುವುದಿಲ್ಲ. ಸರಿಯಾಗಿದೆ.

ಈ ಆರು ತುಂಡುಗಳನ್ನು ಇನ್ನೂ ಸಣ್ಣದು ಮಾಡಬಹುದಾ? 3, 5, 17, 257, 65537, ಈ ಐದೂ ಅವಿಭಾಜ್ಯ. ಫ್ರಾನ್ಸಿನ ಪಿಯರ್ ದ ಫರ್ಮಾ ಇದನ್ನು ಗಮನಿಸಿದ್ದ. ವಕೀಲಿ ಓದಿ ನ್ಯಾಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ, ಗಣಿತ ಅವನಿಗೆ ಬಿಡುವಿನ ಹವ್ಯಾಸ. 1640ರ ಹೊತ್ತಿಗೆ ಗೆಳೆಯರಿಗೆ ಬರೆದ ಪತ್ರಗಳಲ್ಲಿ, ಈ ಸಾಲಿನಲ್ಲಿ ಮುಂದೆ ಬರುವುದೆಲ್ಲ ಅವಿಭಾಜ್ಯವೇ ಅನಿಸುತ್ತದೆ, ಆದರೆ ಸಾಧಿಸಲು ಆಗಿಲ್ಲ ಅಂತ ಬರೆದ. ಆರನೆಯದು 4294967297. ನಮ್ಮ ಮಣೆಯ ಕೊನೆಯ ತುಂಡು.

ಸುಮಾರು ತೊಂಬತ್ತು ವರ್ಷ ಅದು ಹಾಗೇ ನಿಂತಿತ್ತು. 1732ರಲ್ಲಿ ಆಯ್ಲರ್ ಎಂಬ ಗಣಿತಜ್ಞ, ಆಗ ಅವನಿಗೆ ಇಪ್ಪತ್ತೈದು ವರ್ಷ, ಒಂದು ಬರಹದಲ್ಲಿ ತಣ್ಣಗೆ ಹೇಳಿದ: ಇದು 641ರಿಂದ ಭಾಗ ಹೋಗುತ್ತದೆ. ಫೋನ್ ತೆಗೆಯಿರಿ, ಈಗ ಬೇಕು. 641 × 6700417 ಒತ್ತಿ. ಹಿಂದಿನ ಸಾಲಿನವರು ಜೋರಾಗಿ ಹೇಳಿ. ಹೂಂ, 4294967297. ಅದೇ.

641 ಎಲ್ಲಿಂದ ಬಂತು? ಮೂರರಿಂದ ಹಿಡಿದು ಒಂದೊಂದನ್ನೇ ಭಾಗಿಸುತ್ತಾ ಹೋದರೆ 641 ಬರುವಷ್ಟರಲ್ಲಿ ನೂರಕ್ಕೂ ಜಾಸ್ತಿ ಅವಿಭಾಜ್ಯಗಳನ್ನು ಪರೀಕ್ಷಿಸಬೇಕು. ಆದರೆ ಆಯ್ಲರ್ ಆಮೇಲೆ ತೋರಿಸಿಕೊಟ್ಟ: ಈ ತುಂಡನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇದ್ದರೂ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಂದರೆ 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯ ಐದೇ: 193, 257, 449, 577, 641. ಐದನೇ ಪ್ರಯತ್ನಕ್ಕೆ ಸಿಕ್ಕಿಬಿತ್ತು! ಮುಂದೆ 19ನೇ ಶತಮಾನದಲ್ಲಿ ಎದ್ವಾರ್ ಲೂಕಾ ಬಲೆಯನ್ನು ಇನ್ನೂ ಬಿಗಿ ಮಾಡಿದ. 64 ಅಲ್ಲ, 128ರಿಂದ ಭಾಗಿಸಿದರೂ ಶೇಷ 1 ಇರಬೇಕು ಅಂದ. ಆಗ ಉಳಿಯುವುದು 257 ಮತ್ತು 641 ಮಾತ್ರ.

257ನ್ನೂ ತೆಗೆದುಹಾಕಬಹುದು. ನಮ್ಮ ತುಂಡುಗಳನ್ನೇ ನೋಡಿ: 3 × 5ಕ್ಕೆ 2 ಕೂಡಿದರೆ 17. 3 × 5 × 17ಕ್ಕೆ 2 ಕೂಡಿದರೆ 257. ಯಾವಾಗಲೂ ಹಿಂದಿನದರ ಗುಣಲಬ್ಧಕ್ಕೆ 2 ಕೂಡಿದ್ದೇ ಮುಂದಿನದು. ಹಾಗಾಗಿ ಹಳೆಯ ತುಂಡನ್ನು ಭಾಗಿಸುವ ಸಂಖ್ಯೆ ಹೊಸದನ್ನೂ ಭಾಗಿಸಬೇಕಾದರೆ ಅದು 2ನ್ನೂ ಭಾಗಿಸಬೇಕು. ಬೆಸ ಸಂಖ್ಯೆಗೆ ಅದು ಸಾಧ್ಯವಿಲ್ಲ. 257 ಹೊರಗೆ. ಉಳಿದದ್ದು 641 ಒಂದೇ.

ಭಾಗಾಕಾರ ಮಾಡದೆಯೇ 641 ಹೋಗುತ್ತದೆ ಅಂತ ತೋರಿಸುವ ಒಂದು ಚಂದದ ಉಪಾಯ ಇದೆ. ನನಗೆ ಇದು ಗಣಿತದಲ್ಲೇ ತೀರಾ ಇಷ್ಟವಾದ ನಾಲ್ಕು ಸಾಲು. ನಿಧಾನಕ್ಕೆ ಹೋಗೋಣ. 640 ಅಂದರೆ 5 × 128, ಅಂದರೆ 5 × 2⁷. ಇದು 641ಕ್ಕೆ ಒಂದು ಕಮ್ಮಿ. 641ರ ಲೆಕ್ಕದಲ್ಲಿ, ಅಂದರೆ 641ರಿಂದ ಭಾಗಿಸಿದಾಗ ಬರುವ ಶೇಷವನ್ನಷ್ಟೇ ನೋಡಿದರೆ, ಅದನ್ನು −1 ಅನ್ನಿ. ಅದನ್ನೇ ನಾಲ್ಕು ಸಲ ಬರೆದು ಗುಣಿಸಿದರೆ −1 ಹೋಗಿ +1 ಆಗುತ್ತದೆ. ಅಂದರೆ 5⁴ × 2²⁸ ಅನ್ನುವುದು 641ರ ಲೆಕ್ಕದಲ್ಲಿ 1. ಈಗ 5⁴ ನೋಡಿ, 625. ಅದು 641ಕ್ಕೆ 16 ಕಮ್ಮಿ. ಅಂದರೆ −16, ಅಂದರೆ −2⁴. ಅದನ್ನು 5⁴ರ ಜಾಗದಲ್ಲಿ ಹಾಕಿ. −2⁴ × 2²⁸, ಅಂದರೆ −2³², ಇದು 1ಕ್ಕೆ ಸಮ. ಹಾಗಾದರೆ 2³² + 1 ಸೊನ್ನೆ. ಶೇಷ ಇಲ್ಲ. ಮುಗೀತು.

ಇದನ್ನು ಮೊದಲ ಸಲ ನೋಡಿದಾಗ ನಾನು ಬಸ್ಸಿನಲ್ಲಿದ್ದೆ. ಟಿಕೆಟ್ಟಿನ ಹಿಂದೆ ಬರೆದು ತಾಳೆ ನೋಡುತ್ತಾ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋಗಿದ್ದೆ. ಬೇಸರವೇನೂ ಆಗಲಿಲ್ಲ.

ಫರ್ಮಾ ಯಾಕೆ ಇದನ್ನು ಹಿಡಿಯಲಿಲ್ಲ? ಬೇಕಾದ ಸಲಕರಣೆಯೆಲ್ಲ ಅವನ ಕೈಯಲ್ಲೇ ಇತ್ತು. ಶೇಷದ ಬಗ್ಗೆ ಅವನ ಹೆಸರಿನಲ್ಲೇ ಇರುವ ಪ್ರಮೇಯವನ್ನು ಅದೇ 1640ರಲ್ಲಿ ಪತ್ರದಲ್ಲಿ ಬರೆದಿದ್ದಾನೆ. ನನ್ನ ಊಹೆ ಬಹಳ ಸಾದಾ: ಎಲ್ಲೋ ಒಂದು ಕೂಡುವ ಕಳೆಯುವ ತಪ್ಪು ಮಾಡಿರಬೇಕು. ನಮ್ಮ ಹಾಗೇ.

ಅಂದಹಾಗೆ ಅವನ ಊಹೆ ಒಂದು ಕಡೆ ತಪ್ಪಿದ್ದಲ್ಲ, ಪೂರ್ತಿ ಕವುಚಿಕೊಂಡಿತು. 65537ರ ಮುಂದೆ ಈ ಸಾಲಿನಲ್ಲಿ ಇಲ್ಲಿಯವರೆಗೆ ಒಂದೂ ಅವಿಭಾಜ್ಯ ಸಿಕ್ಕಿಲ್ಲ.

6700417 ಅವಿಭಾಜ್ಯ. ಹಾಗಾಗಿ ನಮ್ಮ ಹಲಸಿನ ಹಣ್ಣಿನಲ್ಲಿ ಒಟ್ಟು ಏಳು ತೊಳೆ: 3, 5, 17, 257, 641, 65537, 6700417. ಯಾವುದೂ ಎರಡು ಸಲ ಬಂದಿಲ್ಲ. ಈ ಸಂಖ್ಯೆಗೆ ಎಷ್ಟು ಭಾಜಕ? ಪ್ರತಿ ತೊಳೆಯನ್ನೂ ತೆಗೆದುಕೊಳ್ಳಿ ಅಥವಾ ಬಿಡಿ, ಎರಡೇ ದಾರಿ. ಏಳು ತೊಳೆಗೆ 2⁷, ಅಂದರೆ 128. ಎರಡರ ಘಾತದಿಂದ ಹುಟ್ಟಿದ ಸಂಖ್ಯೆ, ಭಾಜಕಗಳ ಎಣಿಕೆಯಲ್ಲೂ ಎರಡರ ಘಾತವನ್ನೇ ತೋರಿಸುತ್ತದೆ. ಸಿಸ್ಸಾನ ಹಿಂದೆ 641 ಜನ ನೆಂಟರು ಪಾಲು ಕೇಳಲು ನಿಂತಿದ್ದರೂ ಒಂದು ಕಾಳೂ ಉಳಿಯದ ಹಾಗೆ ಹಂಚಬಹುದಿತ್ತು. 640 ಜನ ಬಂದಿದ್ದರೆ ಜಗಳ.

ಜ್ಯಾಮಿತಿಗೂ ಈ ರಾಶಿಗೂ ಒಂದು ಸಂಬಂಧ ಇದೆ, ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕೈವಾರ ಮತ್ತು ಗುರುತಿಲ್ಲದ ಪಟ್ಟಿ, ಇಷ್ಟೇ ಇಟ್ಟುಕೊಂಡು ಎಲ್ಲ ಬಾಹು, ಎಲ್ಲ ಕೋನ ಸಮ ಇರುವ ಆಕೃತಿ ಬರೆಯಬೇಕು. ಮೂರು ಬಾಹುವಿನದ್ದು ನೀವೆಲ್ಲ ಬರೆದಿದ್ದೀರಿ. ಐದು ಬಾಹುವಿನದ್ದು ಗ್ರೀಕರಿಗೆ ಗೊತ್ತಿತ್ತು. ಏಳು ಆಗುವುದಿಲ್ಲ, ಒಂಬತ್ತು ಆಗುವುದಿಲ್ಲ. ಎರಡು ಸಾವಿರ ವರ್ಷ ಅಲ್ಲೇ ನಿಂತಿತ್ತು. 1796ರ ಮಾರ್ಚ್ 30ರಂದು ಗೌಸ್ ಎಂಬ ಹದಿನೆಂಟು ವರ್ಷದ ಹುಡುಗ 17 ಬಾಹು ಸಾಧ್ಯ ಅಂತ ಕಂಡುಕೊಂಡ. ಭಾಷೆ ಓದುವುದೋ ಗಣಿತ ಓದುವುದೋ ಅಂತ ಡೋಲಾಯಮಾನ ಮಾಡುತ್ತಿದ್ದವನು ಅವತ್ತಿನಿಂದ ಗಣಿತದ ಕಡೆ ವಾಲಿದ. 17 ಆಗುವುದಕ್ಕೆ ಕಾರಣ ಅದು ಫರ್ಮಾನ ಸಾಲಿನ ಅವಿಭಾಜ್ಯ. 257, 65537 ಬಾಹುವಿನದ್ದೂ ಅದೇ ಕಾರಣಕ್ಕೆ ಆಗುತ್ತದೆ. ಜರ್ಮನಿಯ ಹೆರ್ಮೆಸ್ ಎಂಬವನು 65537 ಬಾಹುವಿನ ರಚನೆಯನ್ನು ಹತ್ತು ವರ್ಷ ಕೂತು ಬರೆದ. ಆ ಹಸ್ತಪ್ರತಿ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪೆಟ್ಟಿಗೆಯಲ್ಲಿದೆ. ಅದನ್ನು ಪೂರ್ತಿ ತಾಳೆ ನೋಡುವ ಕೆಲಸ ನನಗೆ ಮಾತ್ರ ಕೊಡಬೇಡಿ.

ಈ ಐದು ಅವಿಭಾಜ್ಯಗಳನ್ನು ಗುಣಿಸಿದರೆ ಬರುವುದು 4294967295. ಗುರುತು ಸಿಕ್ಕಿತಾ? ಅರ್ಧ ಮಣೆ, ಹತ್ತು ಲಾರಿ ಭತ್ತ. ನಮಗೆ ಇವತ್ತಿಗೆ ಗೊತ್ತಿರುವ ಪ್ರಕಾರ, ಬೆಸ ಬಾಹುಗಳ ಎಷ್ಟು ಆಕೃತಿ ಕೈವಾರದಲ್ಲಿ ಬರೆಯಬಹುದು ಅಂದರೆ 31. ಆ 31 ಯಾವುವು ಅಂದರೆ ಅರ್ಧ ಮಣೆಯ ರಾಶಿಯ ಭಾಜಕಗಳೇ, 1 ಒಂದನ್ನು ಬಿಟ್ಟು.

ಇನ್ನೊಂದು ಜಾಗದಲ್ಲೂ ಇವೇ ಸಂಖ್ಯೆಗಳು ಬಂದು ಕೂತಿವೆ. ಮೇರು ಪ್ರಸ್ತಾರ ಕೇಳಿದ್ದೀರಾ? ಶಾಲೆಯಲ್ಲಿ ಪಾಸ್ಕಲ್ ತ್ರಿಕೋನ ಅನ್ನುತ್ತಾರೆ. ಹತ್ತನೇ ಶತಮಾನದ ಹಲಾಯುಧ ಪಿಂಗಳನಿಗೆ ವ್ಯಾಖ್ಯಾನ ಬರೆಯುವಾಗ ಇದನ್ನು ವಿವರಿಸಿದ್ದಾನೆ. ಮೇಲೆ 1. ಕೆಳಗೆ 1 1. ಅದರ ಕೆಳಗೆ 1 2 1, ಆಮೇಲೆ 1 3 3 1, ಆಮೇಲೆ 1 4 6 4 1. ಮೇಲಿನ ಎರಡು ಕೂಡಿದರೆ ಕೆಳಗಿನದು. ಈಗ ಒಂದು ತಮಾಷೆ ಮಾಡೋಣ. ಬೆಸ ಇದ್ದ ಕಡೆ 1 ಬರೆಯಿರಿ, ಸರಿ ಇದ್ದ ಕಡೆ 0. ಪ್ರತಿ ಸಾಲನ್ನೂ ಚದುರಂಗದ ಮನೆಗಳ ಹಾಗೆ ಓದಿ, 1 ಇದ್ದರೆ ಆ ಮನೆಯ ಕಾಳು ಲೆಕ್ಕಕ್ಕೆ, 0 ಇದ್ದರೆ ಇಲ್ಲ. 1 1 ಅಂದರೆ 3. 1 0 1 ಅಂದರೆ 5. 1 1 1 1 ಅಂದರೆ 15. 1 0 0 0 1 ಅಂದರೆ 17. ಮುಂದಿನದು 1 5 10 10 5 1, ಅಂದರೆ 110011, ಅದು 51, ಮೂರು ಹದಿನೇಳಲಿ ಐವತ್ತೊಂದು. ಹೀಗೇ ಇಳಿಯುತ್ತಾ ಹೋದರೆ ಮೊದಲ 32 ಸಾಲು ಅರ್ಧ ಮಣೆಯ 32 ಭಾಜಕಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಕೊಡುತ್ತದೆ. 64ನೇ ಸಾಲಿನಲ್ಲಿ 64 ಸಂಖ್ಯೆ, ಎಲ್ಲವೂ ಬೆಸ, ಎಲ್ಲ ಮನೆಯೂ 1. ಅದು ನಮ್ಮ ಸಂಖ್ಯೆಯೇ. ಮಗ್ಗಿ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಮೊದಲ ಹದಿನಾರು ಸಾಲು ಹಾಕಿ ನೋಡಿ. ತ್ರಿಕೋನದ ಒಳಗೆ ತ್ರಿಕೋನ, ಅದರೊಳಗೆ ತ್ರಿಕೋನ, ರಂಗೋಲಿಯಂತೆ ಬರುತ್ತದೆ.

ಎಲ್ಲ ಮನೆಯೂ 1 ಅಂದೆ. ಇದೇ ಕಾರಣಕ್ಕೆ ಈ ಸಂಖ್ಯೆ ನಿಮ್ಮ ಜೇಬಿನಲ್ಲೂ ಇದೆ. ಈಗಿನ ಫೋನು, ಕಂಪ್ಯೂಟರು 64 ಬಿಟ್ ಅನ್ನುತ್ತಾರಲ್ಲ, ಅಂದರೆ 64 ಮನೆಯ ಮಣೆ. ಪ್ರತಿ ಮನೆಗೂ ಒಂದು ಸ್ವಿಚ್. ನೂರು ಬೇಕಾದರೆ 64, 32, 4ರ ಮನೆ ಹಚ್ಚಿ. ಯಾವ ಸಂಖ್ಯೆಯಾದರೂ ಒಂದೇ ಒಂದು ರೀತಿಯಲ್ಲಿ ಬರುತ್ತದೆ. ಎಲ್ಲ ಸ್ವಿಚ್ ಹಚ್ಚಿದರೆ ಬರುವ ಅತಿ ದೊಡ್ಡದು ಬೋರ್ಡಿನ ಮೇಲಿದೆ. ಇನ್ನೊಂದು ಕಾಳು ಹಾಕಿದರೆ ಎಲ್ಲ ಆರಿಹೋಗಿ ಸೊನ್ನೆಗೆ ಬರುತ್ತದೆ.

ಹಳೆಯ ಯಂತ್ರಗಳಲ್ಲಿ ಮಣೆ ಚಿಕ್ಕದಿತ್ತು. ಬಹಳ ಕಡೆ ಗಡಿಯಾರವನ್ನು 1970ರ ಜನವರಿ 1ರಿಂದ ಸೆಕೆಂಡ್ ಎಣಿಸಿ ಇಡುತ್ತಾರೆ, ಅದಕ್ಕೆ ಇದ್ದದ್ದು 31 ಮನೆ. ಅದು ತುಂಬುವುದು 2147483647ಕ್ಕೆ, 2038ರ ಜನವರಿ 19ರ ಬೆಳಿಗ್ಗೆ ನಮ್ಮ ಸಮಯ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅದಕ್ಕೇ ಎಲ್ಲರೂ ದೊಡ್ಡ ಮಣೆಗೆ ಬದಲಾಗುತ್ತಿರುವುದು. ಈ 2147483647 ಅವಿಭಾಜ್ಯ ಅಂತ 1772ರಲ್ಲಿ ತೋರಿಸಿದವನೂ ಅದೇ ಆಯ್ಲರ್.

ಒಂದು ಎಚ್ಚರಿಕೆ. ಆಫೀಸಿನ ಸ್ಪ್ರೆಡ್‌ಶೀಟಿನಲ್ಲಿ ನಮ್ಮ ಸಂಖ್ಯೆ ಟೈಪ್ ಮಾಡಿದೆ. ಎಂಟರ್ ಒತ್ತಿದ ತಕ್ಷಣ 18446744073709500000 ಆಯಿತು. ಹದಿನೈದು ಅಂಕಿ ಇಟ್ಟುಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ಹಚ್ಚಿಬಿಟ್ಟಿತು. ಕೊನೆಯ 5 ಹೋಯಿತು, 641 ಹೋಯಿತು, ಎಲ್ಲ ಹೋಯಿತು. ಗಾತ್ರ ಮಾತ್ರ ಹಾಗೇ ಇದೆ. ನಾನು ಆಗಿನಿಂದ ಹೇಳುತ್ತಿರುವುದನ್ನು ಆ ಪೆಟ್ಟಿಗೆ ಒಂದೇ ಏಟಿಗೆ ತೋರಿಸಿತು. ಹೆಚ್ಚೂ ಕಮ್ಮಿ ಅಷ್ಟೇ ದೊಡ್ಡದು, ಆದರೆ ಒಳಗೆ ಬೇರೆಯೇ ಹಣ್ಣು.

ಲೂಕಾನ ಹೆಸರು ಹೇಳಿದೆನಲ್ಲ, ಅವನನ್ನು ಹಾಗೇ ಬಿಡಲು ಮನಸ್ಸಿಲ್ಲ. ಮೂರು ಕಂಬ, ಬಿಲ್ಲೆಗಳ ಗೋಪುರ, ದೊಡ್ಡದನ್ನು ಚಿಕ್ಕದರ ಮೇಲೆ ಇಡಬಾರದು ಅನ್ನುವ ಆಟ ಇದೆಯಲ್ಲ, ಹನೋಯ್ ಗೋಪುರ, ಅದನ್ನು 1883ರಲ್ಲಿ ಮಾರಾಟಕ್ಕೆ ತಂದವನು ಅವನೇ. ತನ್ನ ಹೆಸರಿನ ಅಕ್ಷರಗಳನ್ನು ಕಲಸಿ "ಸಿಯಾಮಿನ ಪ್ರೊಫೆಸರ್ ಕ್ಲಾಸ್" ಅಂತ ಸುಳ್ಳು ಹೆಸರು ಹಾಕಿಕೊಂಡಿದ್ದ. ಆಟದ ಜೊತೆ ಹರಡಿದ ಕತೆಯಲ್ಲಿ ಕಾಶಿಯ ದೇವಸ್ಥಾನ, 64 ಚಿನ್ನದ ಬಿಲ್ಲೆ, ಹಗಲು ರಾತ್ರಿ ಎತ್ತಿಡುವ ಪೂಜಾರಿಗಳು. ಎಲ್ಲ ಎತ್ತಿಟ್ಟ ದಿನ ಪ್ರಳಯ. ಕಾಶಿಯಲ್ಲಿ ಅಂಥದ್ದೇನೂ ಇಲ್ಲ, ಹುಡುಕಲು ಹೋಗಬೇಡಿ. ಎಷ್ಟು ಸಲ ಎತ್ತಿಡಬೇಕು? ಮೇಲಿನ ಗೋಪುರ ಒಂದು ಸಲ ಸರಿಸಬೇಕು, ದೊಡ್ಡ ಬಿಲ್ಲೆ ಸರಿಸಬೇಕು, ಮೇಲಿನ ಗೋಪುರ ಮತ್ತೊಂದು ಸಲ. ಹಿಂದಿನದು, ಅಷ್ಟೇ ಇನ್ನೊಂದು ಸಲ, ಮೇಲೊಂದು. ನಮ್ಮಜ್ಜಿಯ ಸೂತ್ರ! ಹಾಗಾಗಿ 64 ಬಿಲ್ಲೆಗೆ ನಮ್ಮ ಸಂಖ್ಯೆಯಷ್ಟೇ ಸಲ. ಸೆಕೆಂಡಿಗೊಂದರಂತೆ 58,000 ಕೋಟಿ ವರ್ಷಕ್ಕೂ ಜಾಸ್ತಿ. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ. ಪ್ರಳಯದ ಚಿಂತೆ ಬೇಡ.

ಇನ್ನು ಈ ಸಂಖ್ಯೆಯ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ ನಿಲ್ಲಿಸುತ್ತೇನೆ. ನಮ್ಮದು 615ರಲ್ಲಿ ಮುಗಿಯುತ್ತದೆ, 128 ಭಾಜಕ. ಒಂದು ಕಾಳು ಸೇರಿಸಿ, 616ರಲ್ಲಿ ಮುಗಿಯುವುದು 2⁶⁴. ಒಳಗೆ ಬರೀ ಎರಡುಗಳು, ಬೇರೇನೂ ಇಲ್ಲ, 65 ಭಾಜಕ. ಇನ್ನೊಂದು ಕಾಳು ಸೇರಿಸಿ. 617ರಲ್ಲಿ ಮುಗಿಯುವುದು 2⁶⁴ + 1, ಫರ್ಮಾನ ಸಾಲಿನ ಮುಂದಿನವನು. ಇದನ್ನು 1880ರಲ್ಲಿ ಫ್ರಾನ್ಸಿನ ಲಾಂಡ್ರಿ ಒಡೆದ: 274177 × 67280421310721. ಆಗ ಲಾಂಡ್ರಿಗೆ 82 ವರ್ಷ, ಕೈಯಲ್ಲಿ ಕಾಗದ ಪೆನ್ನು ಬಿಟ್ಟರೆ ಏನಿಲ್ಲ. ಇದಕ್ಕೆ ಭಾಜಕ ನಾಲ್ಕೇ. ತಕ್ಕಡಿಯಲ್ಲಿ ಹಾಕಿದರೆ ಮೂರಕ್ಕೂ ತೂಕದಲ್ಲಿ ವ್ಯತ್ಯಾಸ ಎರಡು ಕಾಳು.

ಇನ್ನು ಹಿಂದಕ್ಕೆ 58 ಕಾಳು ಬನ್ನಿ. 18446744073709551557. ಇದು ಅವಿಭಾಜ್ಯ, 2⁶⁴ಕ್ಕಿಂತ ಕೆಳಗಿರುವ ಅವಿಭಾಜ್ಯಗಳಲ್ಲಿ ಅತಿ ದೊಡ್ಡದು. ರಾಜ ಕೊನೆಯಲ್ಲಿ ಜಿಪುಣತನ ಮಾಡಿ ಅರವತ್ತಕ್ಕೆ ಎರಡು ಕಮ್ಮಿ ಕಾಳು ಹಿಡಿದುಕೊಂಡಿದ್ದರೆ, ಸಿಸ್ಸಾನ ನೆಂಟರು ಎಷ್ಟೇ ಜನ ಬಂದಿದ್ದರೂ ಸಮಪಾಲು ಹಂಚಲು ಆಗುತ್ತಿರಲಿಲ್ಲ. ಒಬ್ಬನೇ ಎಲ್ಲ ಹೊತ್ತುಕೊಂಡು ಹೋಗಬೇಕು, ಇಲ್ಲಾ ತಲೆಗೊಂದೊಂದು ಕಾಳು.